ಕೊಟ್ಟವನು ಕೋಡಂಗಿ

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ಸಾಲ ಕೊಟ್ಟು ಕೆಟ್ಟವರ ವಿಷಯದಲ್ಲಿ ಬಳಸುವುದು ವಾಡಿಕೆ. ಆದರೆ ಸಾಲಕ್ಕೇನು, ಚೀಟಿಯಿದೆ, ಸಾಕ್ಷಿಯಿದೆ, ಬಾಗಿಲಿಗೆ ಹೋಗಿ ತಗಾದೆ ಮಾಡುವ ಹಕ್ಕಿದೆ. ಬದುಕಿರುವಾಗಲೇ ಮನೆಯನ್ನು ಮಗನ ಹೆಸರಿಗೆ ದಾನ ಬರೆದುಕೊಟ್ಟು, ಆಮೇಲೆ ಅದೇ ಮನೆಯ ನಡುಮನೆಯಲ್ಲಿ ನೆಂಟರಂತೆ ಕೂರುವ ಮುದುಕರನ್ನು ನೋಡಿದಾಗಲೆಲ್ಲ, ಈ ಗಾದೆ ಹುಟ್ಟಬೇಕಾಗಿದ್ದುದು ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯ ಮೇಲೆ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಸೀಮೆಯಲ್ಲಿ ಹಿಂದೆ ಈ ಚಿಂತೆ ಇಷ್ಟಿರಲಿಲ್ಲ. ಕೆರೆ ಬತ್ತಿ, ಕೊಳವೆಬಾವಿ ಸಾವಿರ ಅಡಿ ದಾಟಿದರೂ ತೇವ ಕಾಣದ ಹೊಲವನ್ನು ‘ನಿನಗಿರಲಿ, ನಿನಗಿರಲಿ’ ಎಂದು ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ದಾಟಿಸುತ್ತಿದ್ದ ಕಾಲವೂ ಇತ್ತು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅಂದಿನಿಂದ ಹೆದ್ದಾರಿಯ ಎರಡೂ ಮಗ್ಗುಲಿನ ಕಲ್ಲುಭೂಮಿಗೂ ಕಣ್ಣು ಬಂತು. ಗೌರಿಬಿದನೂರಿನ ಕಡೆ ಕಾರ್ಖಾನೆಗಳು, ಇತ್ತ ಬಡಾವಣೆಗಳು. ಅಪ್ಪ ಅಮ್ಮ ಆಸ್ತಿವಂತರಾದದ್ದು ಅವರಿಗಿಂತ ಮೊದಲು ಮಕ್ಕಳಿಗೆ ತಿಳಿಯಿತು.

ಶಿಡ್ಲಘಟ್ಟದ ನಮ್ಮ ದೊಡ್ಡಮ್ಮನದು ಅಂಥ ಆಸ್ತಿಯೇ. ರೇಷ್ಮೆಗೂಡಿನ ಮಾರುಕಟ್ಟೆಗೆ ನಡೆದುಹೋಗುವಷ್ಟು ದೂರದಲ್ಲಿ ಹೆಂಚಿನ ಮನೆ, ಊರಾಚೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ದೊಡ್ಡಪ್ಪ ಹುಳು ಸಾಕಿ ಸಂಪಾದಿಸಿದ್ದು. ಸಾಯುವ ಮುನ್ನ ಉಯಿಲು ಬರೆದು ದೊಡ್ಡಮ್ಮನಿಗೆ ಬಿಟ್ಟರು. (ಹುಳು ತನ್ನ ಮನೆಯನ್ನು ತಾನೇ ಕಟ್ಟಿ ಅದರೊಳಗೇ ಸಾಯುವ ಉಪಮೆ ಇಲ್ಲಿ ಒದಗಿ ಬರುತ್ತದೆ; ಆದರೆ ಅದನ್ನು ವಚನಕಾರರ ಕಾಲದಲ್ಲಿಯೇ ಹೇಳಿ ಮುಗಿಸಿದ್ದಾರೆ.) ಹಿರಿಯ ಮಗ ಅಮೆರಿಕದಲ್ಲಿ. ಕಿರಿಯವನು ತಾಯಿಯ ಜೊತೆಗಿದ್ದು ಸೊಪ್ಪು ಹುಳು ನೋಡಿಕೊಳ್ಳುತ್ತಾನೆ. ಹೆಣ್ಣುಮಕ್ಕಳಿಬ್ಬರನ್ನು ಒಬ್ಬಳನ್ನು ಚಿಂತಾಮಣಿಗೆ, ಇನ್ನೊಬ್ಬಳನ್ನು ಗೌರಿಬಿದನೂರಿಗೆ ಕೊಟ್ಟಿದೆ. ಎಪ್ಪತ್ತೆಂಟು ತುಂಬಿದ ಮೇಲೆ ದೊಡ್ಡಮ್ಮ ಎಲ್ಲವನ್ನೂ ಕಿರಿಯವನಿಗೆ ದಾನಪತ್ರ ಮಾಡಿಬಿಡುತ್ತೇನೆಂದು ಹೊರಟಳು. ಸಾಕ್ಷಿ ಹಾಕಲು ನನಗೆ ಕರೆ ಬಂತು.

ಅಮೆರಿಕದ ಅಣ್ಣ ಫೋನಿನಲ್ಲಿ ಹೇಳಿದ ಉಪಾಯ ಬೇರೆ. ಅಲ್ಲಿ ವಯಸ್ಸಾದವರು ಮನೆಮಠವನ್ನು ಒಂದು ಟ್ರಸ್ಟಿಗೆ ಸೇರಿಸಿ, ಬದುಕಿರುವವರೆಗೆ ತಾವೇ ಅದರ ಟ್ರಸ್ಟಿಯಾಗಿ ಅನುಭವಿಸಿ, ಬೇಡವೆಂದರೆ ರದ್ದುಪಡಿಸಿ, ಸತ್ತ ಮೇಲೆ ಯಾರಿಗೆಂದು ಮೊದಲೇ ಬರೆದಿಡುತ್ತಾರಂತೆ. ‘ಲಿವಿಂಗ್ ಟ್ರಸ್ಟ್’ ಎಂದು ಅದರ ಹೆಸರು. ದೊಡ್ಡಮ್ಮ ಕೇಳಿ, “ಟ್ರಸ್ಟ್ ಅಂದ್ರೆ ಏನಪ್ಪಾ?” ಎಂದಳು. “ನಂಬಿಕೆ” ಎಂದೆ. “ಅದಕ್ಕೂ ಕಾಗದ ಮಾಡಿಸ್ತಾರಾ?” ಎಂದಳು.

ಮಾಡಿಸುತ್ತಾರೆ, ನಮ್ಮಲ್ಲಿಯೂ 1882ರ ಟ್ರಸ್ಟ್ ಕಾಯಿದೆ ಇದೆ. ರದ್ದುಪಡಿಸುವ ಅಧಿಕಾರವನ್ನು ಪತ್ರದಲ್ಲಿ ಸ್ಪಷ್ಟವಾಗಿ ಇಟ್ಟುಕೊಂಡರೆ ಹಿಂತೆಗೆದುಕೊಳ್ಳಲೂ ಬಹುದು. ಆದರೆ ಆ ದೇಶದಲ್ಲಿ ಅದಕ್ಕಿರುವ ಮುಖ್ಯ ಆಕರ್ಷಣೆ, ಉಯಿಲಿಗೆ ಕೋರ್ಟಿನಲ್ಲಿ ಪ್ರೊಬೇಟ್ ಮಾಡಿಸುವ ಖರ್ಚು ತಪ್ಪುತ್ತದೆಂಬುದು. ನಮ್ಮ ಶಿಡ್ಲಘಟ್ಟದ ಉಯಿಲಿಗೆ ಪ್ರೊಬೇಟ್ ಕಡ್ಡಾಯವೇ ಅಲ್ಲ. ಇಲ್ಲದ ಕಾಯಿಲೆಗೆ ಔಷಧಿ ತರಿಸಿದಂತಾಯಿತು. ಒಂದು ವಿಷಯದಲ್ಲಿ ಮಾತ್ರ ಟ್ರಸ್ಟು ಮೇಲು. ನಾವು ಬರೆದುಕೊಡುವ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದೊಡನೆ 1872ರ ಕರಾರು ಕಾಯಿದೆಯಂತೆ ಸತ್ತುಹೋಗುತ್ತದೆ. ಯಾವಾಗ ಬೇಕೋ ಆಗಲೇ ಕೈಕೊಡುವ ನೆಂಟನ ಹಾಗೆ. ಟ್ರಸ್ಟಿಯ ಕೆಲಸ ಹಾಗೆ ನಿಲ್ಲುವುದಿಲ್ಲ. ಮರೆವಿನ ರೋಗದ ಭಯವಿರುವವರು, ತಮ್ಮ ನಂತರ ತನ್ನನ್ನು ತಾನು ನೋಡಿಕೊಳ್ಳಲಾರದ ಮಗುವನ್ನು ಬಿಟ್ಟುಹೋಗುವವರು ಇದನ್ನು ಯೋಚಿಸಬೇಕಾದದ್ದೇ. ಹೆಂಚಿನ ಮನೆಗೂ ಸೊಪ್ಪಿನ ತೋಟಕ್ಕೂ ಲೆಕ್ಕಪತ್ರ, ತೆರಿಗೆ ವಿವರ, ಟ್ರಸ್ಟಿಯ ಹುಡುಕಾಟ ಇವೆಲ್ಲ ಭಾರವೆನಿಸಿತು. ಅಲ್ಲದೆ ಟ್ರಸ್ಟಿಯಾಗುವವರಾದರೂ ಯಾರು? ಸುತ್ತಿ ಬಂದರೆ ಆ ಮಗನೇ.

ಪತ್ರಬರಹಗಾರರು ಸಿದ್ಧಪಡಿಸಿದ ದಾನಪತ್ರದ ಕರಡನ್ನು ಓದಿದೆ. ಕನ್ನಡ ಪಾಠ ಹೇಳುವವನಿಗೆ ಆ ಗದ್ಯದ ಮೇಲೆ ಒಂದು ಬಗೆಯ ಗೌರವವಿದೆ. ‘ಪ್ರೀತಿ ವಾತ್ಸಲ್ಯದಿಂದ’ ಎಂದು ಆರಂಭವಾಗಿ, ‘ಪುತ್ರ ಪೌತ್ರ ಪಾರಂಪರ್ಯವಾಗಿ ಸುಖವಾಗಿ ಅನುಭವಿಸಿಕೊಂಡು’ ಎಂದು ಹರಸಿ, ‘ಇನ್ನು ಮುಂದೆ ನನಗೆ ಯಾವ ಹಕ್ಕು ಬಾಧ್ಯತೆಯೂ ಇರುವುದಿಲ್ಲ’ ಎಂದು ಮುಗಿಯುತ್ತದೆ. ಎಲ್ಲ ಕ್ರಿಯಾಪದಗಳೂ ಕೊಡುವವಳವು. ತೆಗೆದುಕೊಳ್ಳುವವನಿಗೆ ಒಂದೇ ಕೆಲಸ, ಸುಖವಾಗಿ ಅನುಭವಿಸುವುದು. ಅವನು ತಾಯಿಗೆ ಏನು ಮಾಡಬೇಕೆಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಆ ಒಂದು ಸಾಲು ಎಂಥದೆಂಬುದನ್ನು ಓದುಗರು ತಿಳಿಯಬೇಕು. ದಾನ ಒಮ್ಮೆ ನೋಂದಣಿಯಾದರೆ, ಮಮತೆ ಆರಿತೆಂದು ರದ್ದಾಗುವುದಿಲ್ಲ. ಅದಕ್ಕೆಂದೇ 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯಲ್ಲಿ 23ನೆಯ ಕಲಮು ಬಂತು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದು, ಪಡೆದವನು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ಮೋಸದಿಂದಲೋ ಬಲವಂತದಿಂದಲೋ ಆದದ್ದೆಂದು ಭಾವಿಸಿ ರದ್ದುಗೊಳಿಸಬಹುದು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಲಿಗೆ. ಸಿವಿಲ್ ಕೋರ್ಟಿನ ಮೆಟ್ಟಿಲು ಸವೆಸಬೇಕಾಗಿಲ್ಲ. ಆದರೆ ಷರತ್ತು ಇದ್ದಿರಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಾಖಂಡಿತವಾಗಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಛತರ್‌ಪುರದ ತಾಯಿಯೊಬ್ಬರ ಮೊಕದ್ದಮೆಯಲ್ಲಿ ಅದೇ ಕೋರ್ಟು ಕಾಯಿದೆಯನ್ನು ಉದಾರವಾಗಿ ಓದಬೇಕೆಂದು ಹೇಳಿ, ಮಗನಿಗೆ ಕೊಟ್ಟಿದ್ದ ಮನೆಯನ್ನು ತಾಯಿಗೆ ಹಿಂದಿರುಗಿಸಿತು. ಅಲ್ಲಿಯೂ ಆಕೆಯ ಕೈ ಹಿಡಿದದ್ದು 2019ರಲ್ಲಿ ದಾನಪತ್ರದ ಜೊತೆಗೆ ಬೇರೆಯಾಗಿ ಬರೆದಿದ್ದ ಒಂದು ವಚನಪತ್ರ. ಲಿಯರ್ ದೊರೆಯೂ ಷರತ್ತು ಹಾಕದೆ ಇರಲಿಲ್ಲ. ನೂರು ಮಂದಿ ಸವಾರರು, ತಿಂಗಳಿಗೊಬ್ಬ ಮಗಳ ಮನೆ ಎಂದು ಸಭೆಯಲ್ಲಿಯೇ ಹೇಳಿದ್ದ. ಬಾಯಲ್ಲಿ ಹೇಳಿದ್ದ, ಅಷ್ಟೆ.

ನಮ್ಮ ರಾಜ್ಯದ ಸುದ್ದಿಯೂ ಇದಕ್ಕಿಂತ ಹಿತವಾಗಿಲ್ಲ. ವಯಸ್ಸಾದವರನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿ ಮಕ್ಕಳು ಮಾಯವಾಗುತ್ತಾರೆಂದೂ, ಅಂಥವರಿಗೆ ಬರೆದುಕೊಟ್ಟ ಆಸ್ತಿಪತ್ರಗಳನ್ನು ರದ್ದುಮಾಡಿಸಬೇಕೆಂದೂ 2025ರ ಮಾರ್ಚಿನಲ್ಲಿ ಮಂತ್ರಿಗಳೇ ಹೇಳಬೇಕಾಯಿತು.

ಇದನ್ನೆಲ್ಲ ದೊಡ್ಡಮ್ಮನ ಮುಂದೆ ಹರಡಿದೆ. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿದಳು. “ಹೆತ್ತ ಮಗನ ಹತ್ರ ಷರತ್ತು ಬರೆಸ್ಕೊಳ್ಳೋದಾ? ನಾನೇನು ಮನೆ ಬಾಡಿಗೆಗೆ ಕೊಡ್ತಿದ್ದೀನಾ? ಕೊಟ್ಟ ಮೇಲೆ ಕಿತ್ಕೊಳ್ಳೋದು ಪಾಪ, ಗೊತ್ತಾ ನಿಂಗೆ?”

ಪಾಪದ ಮಾತು ನನಗೆ ಗೊತ್ತಿಲ್ಲದ್ದೇನಲ್ಲ, ಎಂ.ಎ. ವಿದ್ಯಾರ್ಥಿಗಳಿಗೆ ಶಾಸನ ಪಾಠ ಮಾಡುತ್ತೇನೆ. 1905ರಲ್ಲಿ ಬಿ. ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕಾ’ದ ಹತ್ತನೆಯ ಸಂಪುಟ ನಮ್ಮ ಹಳೆಯ ಕೋಲಾರ ಜಿಲ್ಲೆಯದು, ಈ ನಾಲ್ಕೂ ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿವೆ. ದಾನಶಾಸನಗಳ ಕೊನೆಗೆ ಶಾಪ ಬರುತ್ತದೆ: ತಾನು ಕೊಟ್ಟದ್ದನ್ನಾಗಲಿ ಇನ್ನೊಬ್ಬರು ಕೊಟ್ಟದ್ದನ್ನಾಗಲಿ ಅಪಹರಿಸಿದವನಿಗೆ ಅರವತ್ತು ಸಾವಿರ ವರ್ಷ ಹುಳುವಿನ ಜನ್ಮ. ದೊಡ್ಡಮ್ಮ ಆ ಸಂಪುಟವನ್ನು ಓದಿಲ್ಲ. ಶಾಪ ಮಾತ್ರ ಅವಳವರೆಗೆ ಬಂದಿದೆ. ಆದರೆ ದಾನಶಾಸನವೆಂದರೆ ಬರಿಯ ಶಾಪವಲ್ಲ. ಇಂಥ ಗದ್ದೆಯನ್ನು ನಂದಾದೀವಿಗೆಯ ಎಣ್ಣೆಗೆ, ಇಂಥದನ್ನು ನೈವೇದ್ಯಕ್ಕೆ, ಇಂಥದನ್ನು ಕೆರೆಯ ಹೂಳು ತೆಗೆಯುವುದಕ್ಕೆ ಎಂದು ಕಾರಣ ಹೇಳಿ, ಎಲ್ಲೆ ಗುರುತಿಸಿ ಕೊಡುತ್ತಿದ್ದರು. ಪಡೆದವರು ಏನು ನಡೆಸಬೇಕೆಂಬುದನ್ನೂ ಕಲ್ಲಿನಲ್ಲಿ ಕೊರೆಸುತ್ತಿದ್ದರು.

“ದೊಡ್ಡಮ್ಮ, ದೇವರಿಗೆ ಕೊಡುವಾಗಲೂ ದೀಪ ಉರಿಸಬೇಕು ಅಂತ ಬರೆಸಿದ್ದಾರೆ” ಎಂದೆ.

“ದೇವರಿಗೆ ಬೇಜಾರಾಗಲ್ಲಪ್ಪ. ಮಗನಿಗೆ ಆಗುತ್ತೆ” ಎಂದಳು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾನೂನಿನ ಪುಸ್ತಕದಲ್ಲಿಯೂ ಇಲ್ಲ. ಆ ಮಗ ಕೆಟ್ಟವನೆಂದು ನಾನು ಹೇಳಿದ್ದರೆ ಅವಳು ನನ್ನನ್ನು ಮನೆಯಿಂದ ಎಬ್ಬಿಸುತ್ತಿದ್ದಳು. ನಿಜವಾಗಿಯೂ ಅವನು ಕೆಟ್ಟವನಲ್ಲ. ಆದ್ದರಿಂದ ಒಳ್ಳೆಯ ಮಗನನ್ನೇ ಇಟ್ಟುಕೊಂಡು ವಾದಿಸಬೇಕಾಯಿತು, ಅವನ ಎದುರಿನಲ್ಲಿಯೇ. ಮನೆ ಪೂರಾ ಅವನದಾದ ಮೇಲೆ ಹುಳುಮನೆ ಕಟ್ಟಲು ಅದನ್ನು ಅಡವಿಟ್ಟು ಸಾಲ ಎತ್ತುತ್ತಾನೆ ಅನ್ನೋಣ. ಎರಡು ಬೆಳೆಗೆ ರೋಗ ಬಿದ್ದು ಗೂಡು ಕಟ್ಟದೆ ಹೋದರೆ, ಬ್ಯಾಂಕಿನವರು ಬಂದಾಗ ಮುದುಕಿಯ ಹಾಸಿಗೆ ಯಾರದೆಂದು ಕೇಳುವುದಿಲ್ಲ. ಬಾಯಲ್ಲಿ ಆಡಬಾರದ ಇನ್ನೊಂದು ಮಾತನ್ನೂ ಆಡಿದೆ. ತಾಯಿಗಿಂತ ಮೊದಲೇ ಮಗ ಹೋದರೆ, ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅವನ ಹೆಂಡತಿ ಮಕ್ಕಳ ಜೊತೆಗೆ ತಾಯಿಗೂ ಒಂದು ಪಾಲು ಬರುತ್ತದೆ: ತಾನೇ ಕೊಟ್ಟ ಮನೆಯಲ್ಲಿ ತನಗೊಂದು ಪಾಲು! ಇಷ್ಟಕ್ಕೆ ಬಾಯಿಬಿಟ್ಟವನು ಆ ತಮ್ಮ. “ಅಮ್ಮ, ಅಣ್ಣ ಹೇಳಿದ್ದು ಬರೆಸು. ನನ್ನ ಹೆಸರಲ್ಲಿ ಸಾಲ ಈಗಲೇ ಇದೆ” ಎಂದ. ಎಷ್ಟೆಂದು ಅವಳು ಕೇಳಲಿಲ್ಲ.

ಸುಲಭದ ದಾರಿ ಉಯಿಲೇ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಹಾಗೆ ಬದಲಾಯಿಸಬಹುದೆಂಬ ಸಂಗತಿ ಮಕ್ಕಳ ಮಾತಿಗೆ ಒಂದಿಷ್ಟು ಮೃದುತ್ವ ತರುವುದನ್ನೂ ನಾನು ಕಂಡಿದ್ದೇನೆ. ದೊಡ್ಡಮ್ಮನಿಗೆ ಅದು ರುಚಿಸಲಿಲ್ಲ. “ನಾನು ಸಾಯೋದನ್ನ ಅವನು ಕಾಯೋ ಹಂಗಾಗುತ್ತೆ” ಎಂದಳು. ಕೊನೆಗೆ ಆಸ್ತಿಯನ್ನು ಎರಡು ಪತ್ರ ಮಾಡಿಸಿದಳು. ತೋಟವನ್ನು ಯಾವ ಷರತ್ತೂ ಇಲ್ಲದೆ ಮಗನಿಗೆ ದಾನ ಕೊಟ್ಟಳು. ನಾನು ಬೇಡವೆಂದದ್ದಕ್ಕೆ, “ಅದರಲ್ಲಿ ಇಪ್ಪತ್ತು ವರ್ಷ ದುಡಿದೋನು ಅವನು” ಎಂದಳು. ಮನೆಗೆ ಮಾತ್ರ ಸೆಟ್ಲ್‌ಮೆಂಟ್ ಪತ್ರ. ತಾನು ಜೀವಿಸಿರುವವರೆಗೆ ವಾಸದ ಮತ್ತು ಅನುಭವದ ಹಕ್ಕು ತನ್ನದು, ಅಲ್ಲಿಯವರೆಗೆ ಅಡವು ಮಾರಾಟ ಕೂಡದು, ಊಟ ಔಷಧಿ ಆರೈಕೆ ಮಗನ ಹೊಣೆ, ತಪ್ಪಿದರೆ ಪತ್ರ ರದ್ದು.

ಪತ್ರಬರಹಗಾರರು ಕರಡನ್ನು ಓದಿ ಹೇಳಿದರು. ದೊಡ್ಡಮ್ಮ ಕಣ್ಣುಮುಚ್ಚಿಕೊಂಡು ಕೇಳಿ, “ಇನ್ನೊಂದು ಬರ್ಕೊಳ್ಳಿ. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ಬಂದ್ರೆ ಇದೇ ಮನೇಲಿ ಇಳ್ಕೋಬೇಕು. ನಾನು ಹೋದ ಮೇಲೂ” ಎಂದಳು.

ಆ ಮನುಷ್ಯ ನನ್ನ ಮುಖ ನೋಡಿದರು. 23ನೆಯ ಕಲಮಿನಲ್ಲಿ ಗೌರಿ ಹಬ್ಬವಿಲ್ಲ. ಸತ್ತ ಮೇಲೆ ಅದನ್ನು ಜಾರಿ ಮಾಡಿಸುವವರು ಯಾರು, ಹೇಗೆ ಎಂದು ಅವರು ಹೇಳಹೊರಟರು. ಮಗ, “ಬರೀರಿ ಸ್ವಾಮಿ” ಎಂದ. ಹಬ್ಬಕ್ಕೆ ಎಷ್ಟು ದಿನವೆಂದು ನಮೂದಿಸಬೇಕು ಎಂದು ಅವರು ಕೇಳಿದರು.