ಬಿಚ್ಚಬೇಕಾದ ಹೊಲಿಗೆ, ಬಿಡಬೇಕಾದ ಹೊಲಿಗೆ



ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ, ಮುದನೂರಿನ ಜೇಡರ ದಾಸಿಮಯ್ಯ – ವಚನಕಾರರ ಸಾಲಿನಲ್ಲಿ ಸೂಜಿ, ಕದಿರು, ಮಗ್ಗಗಳು ಹೆಸರಿನೊಡನೆಯೇ ಬರುತ್ತವೆ. ವ್ಯಾಖ್ಯಾನಕ್ಕೆ ಕುಳಿತಾಗ ನಾವು ಆ ಸೂಜಿಯನ್ನು ಕೂಡಲೇ ರೂಪಕವಾಗಿಸಿಬಿಡುತ್ತೇವೆ, ಕನ್ನಡ ಎಂ.ಎ. ಓದಿದವರಿಗೆ ಈ ಚಾಳಿ ತುಸು ಹೆಚ್ಚು. ಕಳೆದ ಮೂರು ವರ್ಷಗಳಿಂದ ದಸರೆಯ ರಜೆಯಲ್ಲಿ ಹೊಲಿಗೆಯ ಶಿಬಿರವೊಂದನ್ನು ಯೋಜಿಸಿ ನಡೆಸುವ ಹೊಣೆ ನನ್ನ ಪಾಲಿಗೆ ಬಂದಿರುವುದರಿಂದ ಸೂಜಿಯನ್ನು ಸೂಜಿಯಾಗಿಯೇ ನೋಡುವ ಅವಕಾಶ ದೊರೆತಿದೆ. ಇಂದಿನ ಬರಹ ಅದನ್ನು ಕುರಿತದ್ದು.

ಶಿಬಿರಕ್ಕೆ ಬರುವವರು ಇಪ್ಪತ್ತರ ಆಸುಪಾಸು. ಅವರಲ್ಲಿ ಕಿವಿ ಕೇಳದ ಇಬ್ಬರು ಶಾಲಾ ಬಾಲಕಿಯರು, ಕಣ್ಣು ಕಾಣದ ಒಬ್ಬ ಯುವಕ, ಪಾರ್ಶ್ವವಾಯುವಿನಿಂದ ಎಡಗೈಯ ಬಲ ಕಳೆದುಕೊಂಡ ತಾಯಿ, ಹೇಳಿದ್ದನ್ನು ಗ್ರಹಿಸಲು ಹೆಚ್ಚು ಹೊತ್ತು ಬೇಕಾಗುವ ಒಬ್ಬ ಹುಡುಗ, ಕೈ ನಡುಗುವ ಅಜ್ಜಿಯರು, ಸೂಜಿಯನ್ನೇ ಮುಟ್ಟದ ಕಾಲೇಜು ವಿದ್ಯಾರ್ಥಿಗಳು. ಚೀಲ ಹೊಲಿಯುವ ದಬ್ಬಣವೊಂದನ್ನು ಬಿಟ್ಟು ಬೇರೇನೂ ಅರಿಯೆನೆನ್ನುವ ಒಬ್ಬ ರೈತ ಬಂಧುವೂ ಉಂಟು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಸೂಜಿಯ ಮುಂದೆ ಕುಳಿತಾಗ ಆ ಪಟ್ಟಿಗೆ ಸೇರದ ತೊಡಕುಗಳೂ ಕಾಣಿಸಿಕೊಳ್ಳುತ್ತವೆ. ಎಡಗೈಯವರನ್ನು ಯಾವ ಕಾಯ್ದೆ ಎಣಿಸೀತು?

ಧಾರವಾಡ ಸೀಮೆಯಲ್ಲಿ ಹೊಲಿಗೆ ಎಂದೊಡನೆ ನೆನಪಾಗುವುದು ಕಸೂತಿ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬುವು ಅದರ ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಗುರುತು ಹಾಕದೆ, ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ಗಿಳಿಗಳನ್ನು ಮೂಡಿಸುವುದು ಹಿಂದಿನಿಂದ ಬಂದ ಕ್ರಮ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿದು, ಮರಳುವಾಗ ಬಿಟ್ಟ ಎಡೆಗಳನ್ನು ತುಂಬಬೇಕು. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮಗ್ಗುಲು ಒಂದೇ ರೂಪದಲ್ಲಿ ಕಾಣಬೇಕು. ಹೋಗುವಾಗ ಒಂದೆಳೆ ತಪ್ಪಿದರೂ ಮರಳುವಾಗ ದಾರಿ ಕೂಡುವುದಿಲ್ಲ.

ಇಂಥ ಸೂಕ್ಷ್ಮ ವಿದ್ಯೆಯನ್ನು ಕಣ್ಣಿಲ್ಲದವರಿಗೆ ಕಲಿಸುವುದೆಂತು? ಆತನಿಗೆ ಮಣಿ ಪೋಣಿಸಲು ಕೊಟ್ಟರಾಯಿತೆಂದು ಸಲಹೆಯಿತ್ತವರಿದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಎಲ್ಲರೂ ಗೋಪುರ ಹೊಲಿಯುವಾಗ ಒಬ್ಬನನ್ನು ಮೂಲೆಯಲ್ಲಿ ಮಣಿಗಳೊಡನೆ ಕೂಡಿಸುವುದು ಸೇರಿಸಿಕೊಂಡಂತೆ ತೋರುವ ಹೊರಗಿಡುವಿಕೆ. ಬದಲಾಗಬೇಕಾದದ್ದು ಬಟ್ಟೆ. ಕಲಿಯುವ ಇತರರಿಗೆ ಎಳೆ ಬಿಡಿಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆ. ಆತನಿಗೆ ಗೋಣಿತಟ್ಟು, ಉಲ್ಲನ್ ದಾರ, ದಬ್ಬಣ. ಎಡಗೈಯ ತೋರುಬೆರಳಿನಿಂದ ಎಳೆ ಎಣಿಸುತ್ತ ಬಲಗೈಯಿಂದ ದಬ್ಬಣ ಇಳಿಸಿದರೆ ಅದೇ ಗೋಪುರ, ಅದೇ ಲೆಕ್ಕ. ಗಾತ್ರ ಮಾತ್ರ ದೊಡ್ಡದು. ಆತನ ಬಟ್ಟೆಯನ್ನು ನೋಡಿ ಅಜ್ಜಿಯರೂ ಗೋಣಿತಟ್ಟನ್ನೇ ಬೇಡಿದರು.

ಉಳಿದ ಸಿದ್ಧತೆಗಳು ಸಣ್ಣವು, ಆದರೆ ಮೊದಲೇ ಆಗಬೇಕಾದವು. ಕಿವಿ ಕೇಳದ ಬಾಲಕಿಯರು ಮಾತಾಡುವವರ ಮುಖವನ್ನೂ ಹೊಲಿಯುವ ಕೈಯನ್ನೂ ಏಕಕಾಲದಲ್ಲಿ ನೋಡಲಾರರು. ಆದ್ದರಿಂದ ಮೊದಲು ಮಾತು, ಅನಂತರ ಕೈ. ಎಡಗೈಯವರು ಕಲಿಸುವವರ ಪಕ್ಕದಲ್ಲಿ ಕೂಡದೆ ಎದುರಿಗೆ ಕುಳಿತರೆ ಕನ್ನಡಿಯಲ್ಲಿ ನೋಡಿದಂತೆ ಕಲಿಯುತ್ತಾರೆ. ಒಂದೇ ಕೈಯಿಂದ ಹೊಲಿಯುವ ತಾಯಿಗೆ ರಿಂಗನ್ನು ಮೇಜಿನ ಅಂಚಿಗೆ ಬಿಗಿದುಕೊಟ್ಟೆವು. ಕೆಂಪು ದಾರದ ಉಂಡೆಗೆ ಒಂದು ಗಂಟು, ಹಸಿರಿಗೆ ಎರಡು. ಎಣಿಸಿ ಕೊಟ್ಟ ಸೂಜಿಗಳನ್ನು ಎಣಿಸಿಯೇ ಹಿಂಪಡೆಯಬೇಕು. ಬರಿಗಾಲಿನಲ್ಲಿ ಓಡಾಡುವ ನೆಲವಲ್ಲವೇ!

ಮಧ್ಯಾಹ್ನದ ಹೊತ್ತು ಎಲ್ಲರೂ ಸೇರಿ ಹೊಲಿಯುವುದು ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಸುತ್ತಲೂ ಕುಳಿತು ಅಂಚಿನಿಂದ ನಡುವಿನತ್ತ ಹೊಲಿಯುತ್ತ ಸಾಗುವುದು. ಇಲ್ಲಿ ಎಳೆ ಎಣಿಸುವ ಹಂಗಿಲ್ಲ. ಒಬ್ಬರ ಹೊಲಿಗೆ ಜೋಳದ ಕಾಳಿನಷ್ಟಿದ್ದರೆ ಇನ್ನೊಬ್ಬರದು ಹುಣಸೆಬೀಜದಷ್ಟು. ಪದರಗಳು ಬಿಗಿಯಾಗಿ ಕೂಡಿದರೆ ಸಾಕು.

ಮೊದಲ ವರ್ಷ ನಡೆದದ್ದನ್ನು ಹೇಳಬೇಕು. ಕೌದಿ ಅಂದವಾಗಿ ಕಾಣಲೆಂದು ಕೆಲವು ಸ್ವಯಂಸೇವಕರು ರಾತ್ರಿ ಕುಳಿತು ಓರೆಯಾದ ಹೊಲಿಗೆಗಳನ್ನು ಬಿಚ್ಚಿ ನೇರವಾಗಿ ಹೊಲಿದಿಟ್ಟರು. ಅವರ ಉದ್ದೇಶ ಒಳ್ಳೆಯದೇ. ಮರುದಿನ ಆ ಯುವಕ ತನ್ನ ಎಡೆಗೆ ಬಂದು ಕುಳಿತು, ಬೆರಳಾಡಿಸಿ, ಕೆಲಹೊತ್ತು ಸುಮ್ಮನಿದ್ದು ಕೇಳಿದ: ‘ಇಲ್ಲಿ ನನ್ನ ಹೊಲಿಗಿ ಇತ್ತಲ್ರೀ ಸರ, ಯಾರು ಬಿಚ್ಚಿದ್ರಿ?’ ಯಾರೂ ಮಾತಾಡಲಿಲ್ಲ. ಕಣ್ಣುಳ್ಳವರಾರಿಗೂ ತಿಳಿಯದೆಂದುಕೊಂಡ ಕೆಲಸ ಕಣ್ಣಿಲ್ಲದವನ ಬೆರಳಿಗೆ ತಿಳಿದಿತ್ತು. ಅಂದು ಆತ ಸೂಜಿ ಹಿಡಿಯಲಿಲ್ಲ.

ಹಾಗೆಂದು ಯಾವ ಹೊಲಿಗೆಯನ್ನೂ ಬಿಚ್ಚಬಾರದೆಂಬ ನಿರ್ಣಯಕ್ಕೆ ಬಂದರೆ ಅದು ಇನ್ನೊಂದು ಬಗೆಯ ಅವಮರ್ಯಾದೆ. ಎರಡು ದಿನ ಕಳೆದು ಆತ ಗವಂತಿಯ ಮೂರನೆಯ ಸಾಲಿನಲ್ಲಿ ಒಂದೆಳೆ ಹೆಚ್ಚು ಎಣಿಸಿದ. ನೆರೆದವರೆಲ್ಲ ‘ಭಾಳ ಚಂದ ಆಗೇತಿ’ ಎಂದು ಹೊಗಳಿದರು. ಕಸೂತಿ ಕಲಿಸುತ್ತಿದ್ದ ಅಜ್ಜಿ ಮಾತ್ರ ಆತನ ಬೆರಳನ್ನು ತಪ್ಪಿದ ಎಡೆಯ ಮೇಲಿರಿಸಿ, ‘ಎಣಿಸಿ ನೋಡು ತಮ್ಮಾ, ಬಿಚ್ಚಬೇಕಾಗ್ತೈತಿ’ ಎಂದರು. ಎಣಿಸಿದ, ನಕ್ಕ, ತಾನೇ ಬಿಚ್ಚಿ ಮತ್ತೆ ಹೊಲಿದ. ಇಡೀ ಶಿಬಿರದಲ್ಲಿ ಆತನನ್ನು ನಿಜವಾದ ವಿದ್ಯಾರ್ಥಿಯೆಂದು ಮೊದಲು ಕಂಡವರು ಆ ಅಜ್ಜಿಯೆಂದು ನಾನು ಬಲ್ಲೆ.

ಕೌದಿಯ ಓರೆ ಹೊಲಿಗೆ ಕೈಯ ಗುರುತು, ಗವಂತಿಯ ತಪ್ಪಿದ ಎಳೆ ಲೆಕ್ಕದ ದೋಷ. ಕಲಿಸುವವರು ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ ಗೋಣಿತಟ್ಟು, ದಬ್ಬಣಗಳ ಸಿದ್ಧತೆಯಿಂದ ಹೆಚ್ಚೇನೂ ಆಗದು. ಆ ವರ್ಷದಿಂದ ಶಿಬಿರದಲ್ಲಿ ಒಂದೇ ನಿಯಮ: ಹೊಲಿದವರೇ ಬಿಚ್ಚಬೇಕು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಅಂಚಿನಿಂದ ನಡುವಿಗೆ ಸಾಗುವ ಇಂಥದೇ ಕವಂದಿಯನ್ನು ಹೊಲಿಯುತ್ತಾರೆ. ಅದರ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಹಲವು ಮಡಿಕೆ ಮಾಡಿ ‘ಫೂಲ’ಗಳನ್ನು ಕೂಡಿಸುವುದುಂಟು, ಅವಿಲ್ಲದ ಕವಂದಿ ಅವರ ಪಾಲಿಗೆ ಬೆತ್ತಲೆ. ಕಳೆದ ದಸರೆಯಲ್ಲಿ ನಮ್ಮ ಕೌದಿಗೂ ಫೂಲಗಳಿರಲೆಂದು ಬಾಲಕಿಯರು ಹಟ ಹಿಡಿದರು. ಮಡಿಕೆಗಳು ದಪ್ಪವಾಗಿ ಸಾಧಾರಣ ಸೂಜಿ ಇಳಿಯಲೊಲ್ಲದು. ಎರಡು ಸೂಜಿಗಳು ಮುರಿದವು. ಆಗ ಎಲ್ಲರೂ ದಬ್ಬಣದ ರೈತ ಬಂಧುವನ್ನು ಕೂಗಿ ಕರೆದರು. ಮೂರು ಮೂಲೆಗಳನ್ನು ಅವರು ಮುಗಿಸಿದರು. ನಾಲ್ಕನೆಯದಕ್ಕೆ ಆ ಯುವಕ ಕೈ ಚಾಚಿ ದಬ್ಬಣ ಕೇಳಿದ.