ವಾಗ್ದಾನದ ಕಾರ್ಡಲ್ಲಿ ಬರದ ವಚನ

1/4
ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಹೋಗೋರಿಗೆ ಇದು ಗೊತ್ತು. ಹನ್ನೆರಡು ಹೊಡೆದು, ಎಲ್ಲರಿಗೂ ಕೈ ಕುಲುಕಿ, ಕೇಕ್ ಬರೋಕೆ ಮುಂಚೆ ಒಂದು ತಟ್ಟೆ ಬರುತ್ತೆ. ಅದರಲ್ಲಿ ವಾಗ್ದಾನದ ಕಾರ್ಡ್‌ಗಳು. ಕಣ್ಣು ಮುಚ್ಚಿ ಒಂದು ಎತ್ಕೋಬೇಕು. ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ವಚನ ಅದು. ಹಲಸೂರಿಂದ ಕೆ.ಆರ್. ಪುರದವರೆಗೆ ಎಷ್ಟೋ ಸಭೆಗಳಲ್ಲಿ ಈ ರೂಢಿ ಇದೆ. ನನ್ನ ಫೋನ್ ಕವರ್ ಒಳಗೆ ಈ ವರ್ಷದ ಕಾರ್ಡ್ ಈಗಲೂ ಇದೆ.

ಕಾರ್ಡ್ ಬಗ್ಗೆ ನಂಗೇನೂ ತಕರಾರಿಲ್ಲ. ಆದ್ರೆ ಒಂದು ಗಮನಿಸಿ. ಅದರಲ್ಲಿ ಬರೋದೆಲ್ಲ ದೇವರು ನಮಗೋಸ್ಕರ ಏನು ಮಾಡ್ತಾನೆ ಅನ್ನೋದು. ನಾವು ಏನು ಮಾಡ್ಬೇಕು ಅನ್ನೋದು ಬರೋದು ಕಡಿಮೆ. ಧರ್ಮೋಪದೇಶಕಾಂಡ 24ರಲ್ಲಿ ಒಂದು ಆಜ್ಞೆ ಇದೆ: ಬಡ ಕೂಲಿಯವನ ದುಡ್ಡನ್ನ ಆವತ್ತೇ, ಸೂರ್ಯ ಮುಳುಗೋದ್ರೊಳಗೆ ಕೊಡ್ಬೇಕು, ಅವನು ನಿಮ್ಮವನೇ ಆಗಿರಲಿ, ಪರದೇಶದವನೇ ಆಗಿರಲಿ. ಇದು ನಿಮ್ಮ ಕಾರ್ಡಲ್ಲಿ ಯಾವತ್ತಾದ್ರೂ ಬಂದಿದೆಯಾ?

2/4
ನಮ್ಮ ವಯಸ್ಸಲ್ಲಿ ಎಲ್ಲರ ಪ್ರಾರ್ಥನೆನೂ ಹೆಚ್ಚುಕಮ್ಮಿ ಒಂದೇ. ದೇವರೇ, ನಿನ್ನ ಚಿತ್ತ ಏನು? ಸಿಎ ಮಾಡ್ಲಾ, ಎಂಬಿಎ ಮಾಡ್ಲಾ? ಈ ಕೆಲಸ ಹಿಡೀಲಾ, ಬಿಡ್ಲಾ? ಆಮೇಲೆ ಸತ್ಯವೇದನ ಎಲ್ಲೋ ಒಂದು ಕಡೆ ತೆಗೆದು, ಬೆರಳಿಟ್ಟು, ಉತ್ತರ ಹುಡುಕ್ತೀವಿ. ಗಿಳಿಶಾಸ್ತ್ರ ನೋಡಿ ನಗೋರು ನಾವೇ.

ನಾನೂ ಈ ಜೂನಿಂದ ಸಿಎ ಕೋಚಿಂಗ್ ಸೇರ್ಬೇಕು ಅಂತ ಪ್ರಾರ್ಥನೆ ಮಾಡ್ತಿದ್ದೆ. ಫೀಸಿಗೆ ಅಪ್ಪ ದುಡ್ಡು ಎತ್ತಿಟ್ಟಿದ್ರು. ಅಪ್ಪ ಪೇಂಟಿಂಗ್ ಮೇಸ್ತ್ರಿ, ಕೈಕೆಳಗೆ ಐದು ಜನ. ಇಬ್ಬರು ರಾಯಚೂರು ಕಡೆಯವರು, ಮೂವರು ಬಿಹಾರದವರು. ಶನಿವಾರ ಸಂಜೆ ಬಟವಾಡೆ. ಕೆ.ಆರ್. ಪುರದ ಹತ್ರ ಒಂದು ಬಿಲ್ಡಿಂಗ್ ಕೆಲಸ ಮುಗೀತು. ಮಾಲೀಕರು ಮಾತ್ರ 'ಮುಂದಿನ ವಾರ' ಅಂತಾನೇ ಇದ್ರು. ಒಂದು ಶನಿವಾರ ದಾಟಿಸಿದ್ರು ಅಪ್ಪ, ಕೈಯಲ್ಲಿದ್ದಿದ್ರಿಂದ. ಎರಡನೇ ಶನಿವಾರಕ್ಕೆ ನನ್ನ ಫೀಸಿನ ದುಡ್ಡು ತೆಗೆದ್ರು.

ಅಮ್ಮ ಸುಮ್ನಿರ್ಲಿಲ್ಲ. "ಅವ್ರು ನಮಗೆ ಕೊಟ್ಟ ಮೇಲೆ ಕೊಟ್ರಾಯ್ತು. ಮಗು ಓದು ಏನಾಗ್ಬೇಕು?" ಅಂದ್ರು. ಅಪ್ಪ ಹೇಳಿದ್ದು ಇಷ್ಟೇ: "ಮಾಲೀಕ ನಂಗೆ ಕೊಡ್ಲಿಲ್ಲ ಅನ್ನೋದು ಹುಡುಗರ ಹೊಟ್ಟೆಗೆ ಗೊತ್ತಾಗುತ್ತಾ?"

ಕಾಮರ್ಸ್ ಓದೋ ನಮಗೆ 'ಔಟ್‌ಸ್ಟ್ಯಾಂಡಿಂಗ್ ವೇಜಸ್' ಅಂದ್ರೆ ಒಂದು ಅಡ್ಜಸ್ಟ್‌ಮೆಂಟ್. ಟ್ರೇಡಿಂಗ್ ಅಕೌಂಟಲ್ಲಿ ವೇಜಸ್‌ಗೆ ಕೂಡು, ಬ್ಯಾಲೆನ್ಸ್ ಶೀಟಲ್ಲಿ ಲಯಬಿಲಿಟಿ ಕಡೆ ಬರಿ, ಮಾರ್ಕ್ಸ್ ತಗೋ. ಆ ಶನಿವಾರ ಅದೇ ಸಾಲು ನಮ್ಮ ಮನೆ ಬಾಗಿಲಲ್ಲಿ ಐದು ಜನರಾಗಿ ನಿಂತಿತ್ತು.

3/4
ಆಮೇಲೆ ನಾನು ಸತ್ಯವೇದದಲ್ಲಿ ಕೂಲಿ ಬಗ್ಗೆ ಎಲ್ಲೆಲ್ಲಿದೆ ಅಂತ ಹುಡುಕ್ದೆ. ಯಾಜಕಕಾಂಡ 19ರಲ್ಲಿ ಇದೆ, ಯಾಕೋಬನ ಪತ್ರಿಕೆ 5ರಲ್ಲಿ ಇದೆ. ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಒಬ್ಬ ಅಪ್ಪ, ಒಬ್ಬ ಮಗನ ಕಥೆ.

ಅಪ್ಪ ಯೋಷೀಯ, ಯೆಹೂದದ ಅರಸ. ಅವನ ಆಳ್ವಿಕೆಯ 18ನೇ ವರ್ಷದಲ್ಲಿ ದೇವಾಲಯದ ರಿಪೇರಿ ನಡೀತಿತ್ತು. ಬಡಗಿಗಳಿಗೆ, ಕಲ್ಲುಕುಟಿಗರಿಗೆ ದುಡ್ಡು ಕೊಡೋ ಏರ್ಪಾಡು ಆಗ್ತಿತ್ತು. ದುಡ್ಡು ಹಂಚೋರು ನಂಬಿಗಸ್ತರು ಅಂತ ಅವರ ಹತ್ರ ಲೆಕ್ಕಾನೂ ಕೇಳ್ತಿರ್ಲಿಲ್ಲವಂತೆ. (ಆಡಿಟಿಂಗ್ ಕ್ಲಾಸಲ್ಲಿ ಇದನ್ನ ಹೇಳ್ಬೇಡಿ.) ಆ ಸಮಯದಲ್ಲೇ ಧರ್ಮಶಾಸ್ತ್ರದ ಗ್ರಂಥ ಸಿಕ್ತು. ಅದನ್ನ ಓದಿಸಿ ಕೇಳಿದ ಅರಸ ದುಃಖದಿಂದ ತನ್ನ ಬಟ್ಟೆ ಹರ್ಕೊಂಡ. ಆಮೇಲೆ ಅದರಂತೆ ನಡೆಯೋಕೆ ಶುರು ಮಾಡ್ದ.

ಮಗ ಯೆಹೋಯಾಕೀಮ. ಪ್ರವಾದಿ ಯೆರೆಮೀಯನ ಮಾತು ಬರೆದಿದ್ದ ಸುರುಳಿಯನ್ನ ಅವನ ಮುಂದೆ ಓದಿದ್ರು. ಚಳಿಗಾಲ, ಎದುರಿಗೆ ಬೆಂಕಿ ಉರೀತಿತ್ತು. ಸ್ವಲ್ಪ ಸ್ವಲ್ಪ ಓದಿದ ಹಾಗೆ ಅಷ್ಟಷ್ಟೇ ಚಾಕುವಿಂದ ಕೊಯ್ದು ಬೆಂಕಿಗೆ ಹಾಕಿದ. ಅಪ್ಪ ಬಟ್ಟೆ ಹರ್ಕೊಂಡಿದ್ದ, ಮಗ ಗ್ರಂಥಕ್ಕೇ ಚಾಕು ಹಾಕ್ದ.

ಇದೇ ಮಗನ ಮೇಲೆ ಯೆರೆಮೀಯ 22ರಲ್ಲಿ ಇರೋ ಆರೋಪ ಏನು ಗೊತ್ತಾ? ವಿಶಾಲವಾದ ಮಹಡಿ, ದೊಡ್ಡ ಕಿಟಕಿ, ದೇವದಾರು ಹಲಗೆ ಹಾಕಿ ಅರಮನೆ ಕಟ್ಟಿಸ್ದ, ಕೆಲಸ ಮಾಡಿದವರಿಗೆ ಕೂಲಿ ಕೊಡ್ಲಿಲ್ಲ. ಅಲ್ಲೇ ದೇವರು ಅವನಿಗೆ ಅವನ ಅಪ್ಪನನ್ನ ನೆನಪಿಸ್ತಾನೆ. ಅವನು ಬಡವರಿಗೆ ನ್ಯಾಯ ಕೊಡಿಸ್ದ. ದೇವರನ್ನ ಅರಿಯೋದು ಅಂದ್ರೆ ಅದೇ ಅಂತ.

ಈ ಅಧ್ಯಾಯದಲ್ಲಿ ದೇವರ ಚಿತ್ತ ಗುಟ್ಟಾಗಿ ಇಲ್ಲ. ಕೂಲಿ ಕೊಡು ಅಂತಿದೆ, ಅಷ್ಟೇ.

4/4
ಹಾಗಾದ್ರೆ ಸತ್ಯವೇದನ ಪ್ರೀತಿಸೋದು ಅಂದ್ರೇನು? ಕೀರ್ತನೆ 119 ತೆಗೆದು ನೋಡಿ. 176 ವಚನ. ಹೀಬ್ರೂ ಭಾಷೆಯ 22 ಅಕ್ಷರಕ್ಕೆ ಎಂಟೆಂಟರಂತೆ, ಅಕ್ಷರಮಾಲೆ ಕ್ರಮದಲ್ಲಿ ಬರೆದಿದ್ದು. ಹೆಚ್ಚುಕಮ್ಮಿ ಪ್ರತಿ ವಚನದಲ್ಲೂ ದೇವರ ವಾಕ್ಯದ್ದೇ ಮಾತು. ಬರೆದವನು ಅಲ್ಲಿ ಆಜ್ಞೆಗಳನ್ನೇ ಪ್ರೀತಿಸ್ತಾನೆ. ಬರೀ ವಾಗ್ದಾನಗಳನ್ನಲ್ಲ. ಇದು ನಂಗೆ ಹೊಸದಾಗಿ ಕಂಡಿದ್ದು.

ಇದನ್ನೆಲ್ಲ ನಾವು ನಮ್ಮ ಭಾಷೆಯಲ್ಲೇ ಓದ್ತೀವಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು ಅನುವಾದಕ್ಕೆ ಕೂತರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿತ್ತು. ಶಿವಾಜಿನಗರ, ಹಲಸೂರು ಕಡೆ ನಮ್ಮಂಥವರ ಮನೇಲಿ ಕನ್ನಡದ್ದು, ತಮಿಳಿಂದು, ಇಂಗ್ಲಿಷಿಂದು ಒಂದೇ ಶೆಲ್ಫಲ್ಲಿ ಇರುತ್ತೆ. ಮೂರರಲ್ಲೂ ಆ ಆಜ್ಞೆ ಅದೇ. ಅರ್ಥ ಆಗ್ಲಿಲ್ಲ ಅನ್ನೋಕೆ ಜಾಗ ಇಲ್ಲ.

ನಮ್ಮನೆ ವಿಷಯ ಇನ್ನೂ ಮುಗಿದಿಲ್ಲ. ಬಿಲ್ಡಿಂಗ್ ದುಡ್ಡು ಬಂದಿಲ್ಲ. ಜೂನ್ ಬ್ಯಾಚ್ ಶುರುವಾಯ್ತು, ನಾನು ಸೇರಿಲ್ಲ. ಪಾಲಿಸಿದ್ರೆ ದೇವರು ಎರಡರಷ್ಟು ಕೊಡ್ತಾನೆ ಅಂತ ನಿಮಗೆ ಹೇಳಲ್ಲ, ಯಾಕಂದ್ರೆ ಆ ಆಜ್ಞೆಯಲ್ಲಿ ಹಾಗೆ ಬರೆದಿಲ್ಲ. ಹೊಟ್ಟೆ ಉರಿಯುತ್ತೆ ಕೆಲವು ದಿನ. ಆದ್ರೆ ಸಿಎ ಮಾಡ್ಬೇಕಾ ಅನ್ನೋದು ಗೊತ್ತಾಗೋಕೆ ಮುಂಚೆನೇ, ಈ ಶನಿವಾರ ಏನು ಮಾಡ್ಬೇಕು ಅಂತ ನಮ್ಮಪ್ಪನಿಗೆ ಗೊತ್ತಿತ್ತು. ನಂಗೆ ಆ ತರ ಗೊತ್ತಿರ್ಬೇಕು.

ನಿಮಗೂ ಒಂದು ಕೆಲಸ. ನಿಮಗೆ ಆಗಲೇ ಗೊತ್ತಿರೋ ಒಂದು ಆಜ್ಞೆ ಆರಿಸ್ಕೊಳ್ಳಿ. ಸಾಲ ತಗೊಂಡಿದ್ದು ವಾಪಸ್ ಕೊಡೋದಿರಬಹುದು, ಮಾತು ಬಿಟ್ಟವರ ಹತ್ರ ಮಾತಾಡೋದಿರಬಹುದು. ಭಾನುವಾರದೊಳಗೆ ಮಾಡಿ. ಕಾಮೆಂಟಲ್ಲಿ ಹೇಳ್ಬೇಕಾಗಿಲ್ಲ.

ಮುಂದಿನ ವಾರ: ಜ್ಞಾನೋಕ್ತಿಗಳ ತಕ್ಕಡಿ ಮತ್ತು ರಸೆಲ್ ಮಾರ್ಕೆಟ್.

#ಸತ್ಯವೇದ #ಬಿಕಾಂಹುಡುಗಿ #ಹಲಸೂರು