ಗ್ರೋತ್ ಅಂದ್ರೆ ಯಾವ ಗ್ರೋತ್?

ಪ್ಲೇಸ್‌ಮೆಂಟ್ ಸೀಸನ್ ಶುರುವಾಯ್ತು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಅತಿ ಹೆಚ್ಚು ಕಿವಿಗೆ ಬೀಳೋ ಪದ ‘ಗ್ರೋತ್’. ಆ ಕಂಪನಿಯಲ್ಲಿ ಪ್ಯಾಕೇಜ್ ಕಮ್ಮಿ, ಆದ್ರೆ ಗ್ರೋತ್ ಇದೆ. ಈ ಡೊಮೇನ್‌ನಲ್ಲಿ ಗ್ರೋತ್ ಇಲ್ಲ ಮಗಾ, ಬಿಟ್ಬಿಡು. ಸೀನಿಯರ್ಸ್ ಬಂದು ಮಾತಾಡಿದ್ರೂ ಅದೇ, ಎಚ್‌ಆರ್ ಬಂದ್ರೂ ಅದೇ. ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಯಾರನ್ನಾದ್ರೂ ಕೇಳಿ, ತಟ್ಟನೆ ‘ಬೆಳವಣಿಗೆ’ ಅಂತಾರೆ. ಆದ್ರೆ ‘ಆ ಕಂಪನಿಯಲ್ಲಿ ಬೆಳವಣಿಗೆ ಇದೆ’ ಅಂತ ನಾವ್ಯಾರೂ ಹೇಳಲ್ಲ. ‘ಅಲ್ಲಿ ಸೇರಿದ್ರೆ ಮುಂದೆ ಬರಬಹುದು’ ಅಂತೀವಿ.

ನಿಘಂಟು ತೆಗೆದರೆ ಪದಗಳಿಗೆ ಬರವಿಲ್ಲ: ಬೆಳವಣಿಗೆ, ಏಳಿಗೆ, ಏರಿಕೆ, ಹೆಚ್ಚಳ, ವೃದ್ಧಿ, ಅಭಿವೃದ್ಧಿ, ಪ್ರಗತಿ, ವಿಕಾಸ. ಸಮಾನಾರ್ಥಕ ಪದಗಳು ಅಂತ ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಸಿಗುತ್ತೆ. ಆದರೆ ಮನೆಯಲ್ಲಿ, ಬೀದಿಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ಕೂರೋದಿಲ್ಲ. ಈರುಳ್ಳಿ ಬೆಲೆಗೆ ಏರಿಕೆ, ಸಂಬಳಕ್ಕೆ ಹೆಚ್ಚಳ, ಮಗುವಿಗೆ ಬೆಳವಣಿಗೆ, ಮನೆತನಕ್ಕೆ ಏಳಿಗೆ, ಶಾಲೆಯ ಮಾರ್ಕ್ಸ್ ಕಾರ್ಡಿಗೆ ಪ್ರಗತಿ ಪತ್ರ. ರಸ್ತೆ, ಕೆರೆ, ಲೇಔಟ್ ಅಂದ್ರೆ ಅಭಿವೃದ್ಧಿ. 1976ರಲ್ಲಿ ಶುರುವಾದ ಬಿಡಿಎ ಹೆಸರಲ್ಲಿ ಇರೋದೂ ಅಭಿವೃದ್ಧಿಯೇ. ‘ಬೆಂಗಳೂರು ಏಳಿಗೆ ಪ್ರಾಧಿಕಾರ’ ಅಂತ ಒಮ್ಮೆ ಹೇಳಿ ನೋಡಿ, ನಗು ಬರುತ್ತೆ. ಹಾಗೇ, ಹೊಟ್ಟೆಕಿಚ್ಚಿನವರಿಗೆ ಪಕ್ಕದ ಮನೆಯವರ ‘ಏಳಿಗೆ’ ಕಂಡ್ರೆ ಆಗಲ್ಲ. ‘ಅಭಿವೃದ್ಧಿ ಕಂಡ್ರೆ ಆಗಲ್ಲ’ ಅಂತ ಯಾರೂ ಅನ್ನಲ್ಲ. ಏಳಿಗೆ ಬಂದಿದ್ದು ‘ಏಳು’ ಅನ್ನೋ ಕ್ರಿಯಾಪದದಿಂದ. ಅದರಲ್ಲಿ ಎದ್ದು ನಿಂತ ಮನುಷ್ಯ ಕಾಣಿಸ್ತಾನೆ. ಅಭಿವೃದ್ಧಿಯಲ್ಲಿ ನನಗೆ ಜೆಸಿಬಿ ಕಾಣಿಸುತ್ತೆ.

ಇನ್ನೊಂದು ಮಜಾ ಇದೆ. ವೃದ್ಧಿ ಅನ್ನೋ ಸಂಸ್ಕೃತ ಪದದ ತದ್ಭವ ‘ಬಡ್ಡಿ’. ಹೈಸ್ಕೂಲಿನಲ್ಲಿ ತತ್ಸಮ-ತದ್ಭವ ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು. ಎಜುಕೇಶನ್ ಲೋನ್ ತಗೊಂಡು ಓದ್ತಾ ಇರೋ ನಮಗೆ ಆ ಗ್ರೋತ್ ದಿನಾ ಆಗ್ತಾನೇ ಇರುತ್ತೆ, ನಾವು ಮಲಗಿದ್ದರೂ!

ಗ್ರೋತ್ ಅಂದ್ರೆ ಒಳ್ಳೇದು ಅಂತ ನಮ್ಮ ಸಿಲಬಸ್ ಕೂಡ ಒಪ್ಪಲ್ಲ. ಆಲ್ಗರಿದಮ್ ಕ್ಲಾಸ್‌ನಲ್ಲಿ ‘ಆರ್ಡರ್ ಆಫ್ ಗ್ರೋತ್’ ಕಲಿತೀವಲ್ಲ, ಅಲ್ಲಿ ಕಮ್ಮಿ ಬೆಳೆಯೋದೇ ಜಾಣ. 1,000 ಸಂಖ್ಯೆಗಳನ್ನ ಜೋಡಿಸುವಾಗ ಎನ್ ಸ್ಕ್ವೇರ್ ಅಂದ್ರೆ 10 ಲಕ್ಷ, ಎನ್ ಲಾಗ್ ಎನ್ ಅಂದ್ರೆ ಸುಮಾರು 10,000. ಮೆಕ್ಯಾನಿಕಲ್‌ನವರಿಗೆ ‘ಕ್ರ್ಯಾಕ್ ಗ್ರೋತ್’ ಇದೆ: ಮತ್ತೆ ಮತ್ತೆ ಬೀಳೋ ಲೋಡ್‌ಗೆ ಲೋಹದ ಒಳಗಿನ ಕೂದಲೆಳೆಯಷ್ಟು ಬಿರುಕು ಹಬ್ಬುತ್ತಾ ಹೋಗಿ ಒಂದು ದಿನ ಪಾರ್ಟ್ ಮುರಿಯುತ್ತೆ. ಎಲೆಕ್ಟ್ರಾನಿಕ್ಸ್‌ನವರ ‘ಕ್ರಿಸ್ಟಲ್ ಗ್ರೋತ್’ ಮಾತ್ರ ಬೇರೆ ಜಾತಿ. ಕರಗಿದ ಸಿಲಿಕಾನ್‌ಗೆ ಒಂದು ಚಿಕ್ಕ ಬೀಜದ ಹರಳು ತಾಗಿಸಿ, ತಿರುಗಿಸ್ತಾ ನಿಧಾನಕ್ಕೆ ಮೇಲೆಳೀತಾರೆ. ಅವಸರ ಮಾಡಿದ್ರೆ ಹರಳು ಕೆಡುತ್ತೆ. ಬಿರುಕಿಗೆ ‘ಹಬ್ಬು’, ಸಿಲಿಕಾನ್‌ಗೆ ‘ಹರಳುಗಟ್ಟು’. ಕನ್ನಡದಲ್ಲಿ ಕ್ರಿಯಾಪದ ಕೇಳಿದ ಕೂಡಲೇ ಖುಷಿಪಡಬೇಕೋ ಹೆದರಬೇಕೋ ಅರ್ಧ ಗೊತ್ತಾಗಿಬಿಡುತ್ತೆ.

ಈ ವ್ಯತ್ಯಾಸ ನನಗೆ ಬರೀ ಪದಗಳ ಆಟವಾಗಿ ಉಳಿಯಲಿಲ್ಲ. ಹೋದ ವರ್ಷ ಅಜ್ಜಿಯ ಕುತ್ತಿಗೆ ಊದಿಕೊಂಡಿತ್ತು. ಸ್ಕ್ಯಾನಿಂಗ್ ರಿಪೋರ್ಟ್ ನೋಡಿದ ಡಾಕ್ಟರ್ ಇಂಗ್ಲಿಷ್‌ನಲ್ಲಿ, ಥೈರಾಯ್ಡ್ ಹತ್ತಿರ ಒಂದು ಗ್ರೋತ್ ಇದೆ, ಸೂಜಿ ಹಾಕಿ ಟೆಸ್ಟ್ ಮಾಡಬೇಕು ಅಂದ್ರು. ಅಜ್ಜಿ ನನ್ನ ಮುಖ ನೋಡಿತು.

‘ಏನಂದ್ರು ಮಗ?’

ಅಲ್ಲಿ ಬೆಳವಣಿಗೆ ಅನ್ನೋಕಾಗಲ್ಲ. ‘ಗಡ್ಡೆ’ ಅಂದ್ರೆ ನಮ್ಮೂರ ಕಡೆ ಕ್ಯಾನ್ಸರ್ ಅಂತಲೇ ಅರ್ಥ. ‘ಗಂಟು ಐತಂತೆ ಕಣಜ್ಜಿ’ ಅಂದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೆಳೀತಾ ಐತೋ, ನಿಂತೈತೋ ಕೇಳು’ ಅಂತು.

ಡಾಕ್ಟರ್ ಹೇಳಿದ್ದು ಗ್ರೋತ್ ಇದೆ ಅಂತ. ಅದು ಬೆಳೀತಾ ಇದೆಯಾ ಅನ್ನೋದು ಆ ಪದದ ಒಳಗೆ ಇರಲೇ ಇಲ್ಲ. ನಾನು ಕೇಳಿದೆ. ಈಗಲೇ ಹೇಳೋಕಾಗಲ್ಲ, ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಅಳತೆ ಹೋಲಿಸಿ ನೋಡಬೇಕು ಅಂದ್ರು. ಸೂಜಿ ಟೆಸ್ಟ್‌ನಲ್ಲಿ ಕ್ಯಾನ್ಸರ್ ಅಲ್ಲ ಅಂತ ಬಂತು. ಆರು ತಿಂಗಳ ಮೇಲೆ ಅಳತೆಯೂ ಅಷ್ಟೇ ಇತ್ತು. ಅಜ್ಜಿ ಊರೆಲ್ಲಾ ಹೇಳ್ಕೊಂಡು ಬಂತು: ‘ನಿಂತೈತಂತೆ’.

ಅಜ್ಜಿಗೆ ಆ ಪ್ರಶ್ನೆ ಹೊಳೆದಿದ್ದು ಗದ್ದೆಯಿಂದ ಅಂತ ನನ್ನ ಅಂದಾಜು. ಬೇಸಾಯದ ಮನೆಯಲ್ಲಿ ‘ಬೆಳೆ’ ಅನ್ನೋದು ಎರಡೂ ಕಡೆ ಓಡಾಡೋ ಪದ. ಮಗು ತಾನಾಗೇ ಬೆಳೆಯುತ್ತೆ, ಅಪ್ಪ ಭತ್ತ ಬೆಳೀತಾರೆ, ಕೈಗೆ ಬಂದಿದ್ದಕ್ಕೂ ಬೆಳೆ ಅಂತಲೇ ಹೆಸರು. ಆದರೆ ಬೆಳೆದಿದ್ದೆಲ್ಲಾ ಬೆಳೆ ಅಲ್ಲ. ಯೂರಿಯಾ ಜಾಸ್ತಿ ಬಿದ್ದ ಗದ್ದೆ ನೋಡಿ: ಕಡುಹಸಿರು, ಆಳೆತ್ತರಕ್ಕೆ ಹತ್ತಿರ, ರಸ್ತೆಯಲ್ಲಿ ಹೋಗೋರು ನಿಂತು ನೋಡಬೇಕು. ಒಂದು ಗಾಳಿಮಳೆ ಬಂದ್ರೆ ಪೈರು ಮಲಗಿಬಿಡುತ್ತೆ. ‘ಹುಲ್ಲು ಬೆಳೀತು, ಕಾಳು ಕಟ್ಟಲಿಲ್ಲ’ ಅಂತಾರೆ ನಮ್ಮಪ್ಪ. ಬೆಳೆಯೋದು ಒಂದು ಕೆಲಸ, ಕಾಳು ಕಟ್ಟೋದು ಇನ್ನೊಂದು.

ಹಾಗಾಗಿ ಈಗ ಯಾರಾದ್ರೂ ‘ಅಲ್ಲಿ ಒಳ್ಳೆ ಗ್ರೋತ್ ಇದೆ’ ಅಂದ್ರೆ ಮನಸ್ಸಲ್ಲೇ ಕನ್ನಡಕ್ಕೆ ತರ್ತೀನಿ. ಸಂಬಳ ಹೆಚ್ಚಳಾನಾ? ಬಡ್ತಿಯಾ? ಕಂಪನಿಯ ವಹಿವಾಟು ಏರ್ತಾ ಇದೆಯಾ, ಇಲ್ಲ ತಗೊಳ್ಳೋ ಜನರ ಸಂಖ್ಯೆ ಮಾತ್ರಾನಾ? ಎರಡು ವರ್ಷ ಆದ್ಮೇಲೆ ನನಗೆ ಈಗ ಬರದ ಕೆಲಸ ಏನಾದ್ರೂ ಬರುತ್ತಾ? ಮೊನ್ನೆ ಒಂದು ಪ್ರೀ-ಪ್ಲೇಸ್‌ಮೆಂಟ್ ಟಾಕ್‌ನಲ್ಲಿ ಈ ಕೊನೇ ಪ್ರಶ್ನೆಯನ್ನ ಇಂಗ್ಲಿಷ್‌ನಲ್ಲೇ ಕೇಳಿದೆ. ಬಂದವರು ಸ್ಲೈಡ್ ಬಿಟ್ಟು ಹತ್ತು ನಿಮಿಷ ತಮ್ಮ ಕೆಲಸದ ಬಗ್ಗೆ ಮಾತಾಡಿದ್ರು. ಇಡೀ ಗಂಟೆಯಲ್ಲಿ ನಾನು ನೋಟ್ಸ್ ಮಾಡ್ಕೊಂಡಿದ್ದು ಆ ಹತ್ತು ನಿಮಿಷ ಮಾತ್ರ.

ನಿಮ್ಮ ಕಡೆ ಪೈರಿಗೆ, ಮಕ್ಕಳಿಗೆ, ಊರಿಗೆ, ವ್ಯಾಪಾರಕ್ಕೆ ಬೇರೆ ಬೇರೆ ಏನಂತಾರೆ? ಧಾರವಾಡದ ಕಡೆಯವರು, ಮಂಗಳೂರಿನವರು, ಕಲಬುರಗಿಯವರು ನಮ್ಮ ಕ್ಲಾಸಲ್ಲೇ ಇದ್ದೀರಿ. ಬರೆದು ಕಳಿಸಿ, ಮುಂದಿನ ಸಂಚಿಕೆಗೆ ಪಟ್ಟಿ ಬೆಳೆಸೋಣ.